ಬ್ರಷ್ ಮೋಟಾರಿನ ಕಮ್ಯುಟೇಟರ್‌ಗೆ ಯಾವ ಲೇತ್? ಆರ್‌ಸಿ ಕಾರು ಓಡಿಸುವವರಿಗೆ ಒಂದು ಹೋಲಿಕೆಯ ಮಾರ್ಗದರ್ಶಿ

ಆರ್‌ಸಿ, ಎಂದರೆ ರೇಡಿಯೋದಿಂದ ದೂರದಲ್ಲೇ ನಿಂತು ಓಡಿಸುವ ಆಟದ ಕಾರಿನ ಬ್ರಷ್ ಮೋಟಾರಿನಲ್ಲಿ ಬ್ರಷ್ ಎಂಬ ಎರಡು ಪುಟ್ಟ ತುಂಡುಗಳು ಒತ್ತಿಕೊಂಡು ವಿದ್ಯುತ್ ಹಾಯಿಸುವ, ತಿರುಗುವ ತಾಮ್ರದ ಉರುಳೆಯೇ ಕಮ್ಯುಟೇಟರ್; ಅದು ಸವೆದಾಗ ಮೇಲ್ಪದರವನ್ನು ಹೆರೆದು ಮತ್ತೆ ದುಂಡಾಗಿಸುವ ಪುಟ್ಟ ಯಂತ್ರ ಕಮ್ಯುಟೇಟರ್ ಲೇತ್. ಅದನ್ನು ಕೊಳ್ಳುವ ಯೋಚನೆ ಬಂದಾಗ ಮೊದಲು ನೋಡಬೇಕಾದದ್ದು ಲೇತನ್ನಲ್ಲ, ನಿಮ್ಮ ಕಾರಿನ ಮೋಟಾರನ್ನು. ಮೋಟಾರಿನ ಹಿಂಬದಿಯ ಮುಚ್ಚಳವನ್ನು ಸ್ಕ್ರೂಗಳು ಹಿಡಿದುಕೊಂಡಿದ್ದು, ಬ್ರಷ್ ಮತ್ತು ಸ್ಪ್ರಿಂಗ್‌ಗಳು ಹೊರಗಿನಿಂದಲೇ ಕಾಣುತ್ತಿದ್ದರೆ ಅದನ್ನು ಬಿಚ್ಚಿ ಆರ್ಮೇಚರನ್ನು (ಶಾಫ್ಟ್, ತಂತಿಯ ಸುರುಳಿ, ಕಮ್ಯುಟೇಟರ್ ಸೇರಿದ ತಿರುಗುವ ಭಾಗವನ್ನು) ಹೊರತೆಗೆಯಬಹುದು, ಮತ್ತು ಅಂಥ ಮೋಟಾರಿಗೆ ಮಾತ್ರ ಈ ಲೇತ್ ಉಪಯೋಗಕ್ಕೆ ಬರುತ್ತದೆ. ಟಾಮಿಯಾ ಸಂಸ್ಥೆಯ ಕಾರಿನ ಕಿಟ್‌ಗಳ ಜೊತೆ ಬರುವ ಬೆಳ್ಳಿ ಬಣ್ಣದ, 540 ಎಂಬ ಗಾತ್ರದ ಮೋಟಾರಿನಂತೆ ಡಬ್ಬಿಯ ಅಂಚನ್ನೇ ಮಡಿಚಿ ಮುಚ್ಚಳ ಕೂರಿಸಿದ್ದರೆ ಅದನ್ನು ಬಿಚ್ಚುವ ಉದ್ದೇಶದಿಂದ ಮಾಡಿಯೇ ಇಲ್ಲ. ಸವೆದರೆ ಹೊಸದನ್ನು ಹಾಕಿಕೊಳ್ಳುವುದೇ ಅಗ್ಗ. ಮೋಟಾರಿನ ಮೇಲೆ 17.5 ಅಥವಾ 13.5 ಎಂದು ಸುರುಳಿಯ ತಂತಿಯ ಸುತ್ತಿನ ಸಂಖ್ಯೆ ಬರೆದಿದ್ದರೆ ಅದು ಬ್ರಷ್ ಇಲ್ಲದ ಬ್ರಷ್‌ಲೆಸ್ ಮೋಟಾರು, ಅದರಲ್ಲಿ ಕಮ್ಯುಟೇಟರ್ ಎಂಬ ಭಾಗವೇ ಇರುವುದಿಲ್ಲ.

ಬ್ರಷ್ ಮೋಟಾರುಗಳೇ ರೇಸುಗಳನ್ನು ಆಳುತ್ತಿದ್ದ ಕಾಲದಲ್ಲಿ 27 ಸುತ್ತಿನ ಸ್ಟಾಕ್, 19 ಸುತ್ತಿನ ಮೋಟಾರು, ಅದಕ್ಕಿಂತ ಕಡಿಮೆ ಸುತ್ತಿನ ಮಾಡಿಫೈಡ್ ಎಂಬ ವರ್ಗಗಳಿದ್ದವು, ಮತ್ತು ಅಮೆರಿಕ, ಯುರೋಪು, ಜಪಾನಿನ ಟ್ರ್ಯಾಕುಗಳಲ್ಲಿ ಗಂಭೀರವಾಗಿ ಸ್ಪರ್ಧಿಸುವವರ ಮೇಜಿನ ಮೇಲೆ ಬೆಸುಗೆಯ ಕಡ್ಡಿಯ ಪಕ್ಕದಲ್ಲಿ ಒಂದು ಪುಟ್ಟ ಲೇತ್ ಇರುತ್ತಿತ್ತು. ನಂತರ 27 ಸುತ್ತಿನ ಜಾಗಕ್ಕೆ 17.5ರ ಬ್ರಷ್‌ಲೆಸ್ ಮೋಟಾರೂ 19ರ ಜಾಗಕ್ಕೆ 13.5ರದೂ ಬಂದು ಆ ಲೇತುಗಳು ಅಟ್ಟ ಸೇರಿದವು. ಇಂದು ಅವುಗಳ ಅಗತ್ಯ ಉಳಿದಿರುವುದು ಮುಖ್ಯವಾಗಿ ಮೂರು ಬಗೆಯವರಿಗೆ: 1984ರ ಆರ್‌ಸಿ10 ಎಂಬ ಕಾರು ಮತ್ತು 2013ರಲ್ಲಿ ಮತ್ತೆ ಬಿಡುಗಡೆಯಾದ ಅದರ ರೂಪದಂಥ ಹಳೆಯ ಮಾದರಿಗಳನ್ನು ಆ ಕಾಲದ ಮೋಟಾರಿನಿಂದಲೇ ಓಡಿಸುವವರು, ಬಂಡೆ ಹತ್ತುವ ಕ್ರಾಲರ್‌ಗಳಿಗೆ ಕೈಯಲ್ಲಿ ಸುತ್ತಿದ ಬ್ರಷ್ ಮೋಟಾರನ್ನು ಬಳಸುವವರು, ಮತ್ತು ಟ್ರ್ಯಾಕಿನ ಸೀಳಿನಲ್ಲಿ ಸಿಕ್ಕಿಕೊಂಡು ಓಡುವ ಸ್ಲಾಟ್ ಕಾರಿನ ಸ್ಪರ್ಧಿಗಳು. ಆದ್ದರಿಂದ ಈಗ ಲೇತ್ ಕೊಳ್ಳುವವರು ಬಹುತೇಕ ಹಳೆಯ ಸರಕನ್ನೇ ಆರಿಸಬೇಕಾಗುತ್ತದೆ, ಮತ್ತು ಅಲ್ಲಿ ಹೆಸರಿಗಿಂತ ಸ್ಥಿತಿಯೇ ದೊಡ್ಡದು.

ಲೇತ್ ನಿಜವಾಗಿ ಏನನ್ನು ಸರಿಪಡಿಸುತ್ತದೆ

540 ಗಾತ್ರದ ರೇಸ್ ಮೋಟಾರಿನ ಕಮ್ಯುಟೇಟರ್ ಹೊಸದಿದ್ದಾಗ ಸುಮಾರು 7.5 ಮಿ.ಮೀ. ವ್ಯಾಸದ ತಾಮ್ರದ ಉರುಳೆ. ಸಾಮಾನ್ಯವಾಗಿ ಅದನ್ನು ಉದ್ದಕ್ಕೆ ಮೂರು ಹಲ್ಲೆಗಳಾಗಿ (ತುಂಡುಗಳಾಗಿ) ಸೀಳಿರುತ್ತಾರೆ. ಮೋಟಾರು ನಿಮಿಷಕ್ಕೆ 30,000 ಸುತ್ತು ತಿರುಗಿದರೆ ಬ್ರಷ್‌ನ ಕೆಳಗೆ ತಾಮ್ರವು ಸೆಕೆಂಡಿಗೆ ಹೆಚ್ಚುಕಡಿಮೆ 12 ಮೀಟರ್ ವೇಗದಲ್ಲಿ ಜಾರುತ್ತದೆ, ಮತ್ತು ಯಾವುದೇ ಒಂದು ಹಲ್ಲೆಯು ಬ್ರಷ್‌ನ ಎದುರು ಸೆಕೆಂಡಿಗೆ 500 ಸಲ ಹಾದುಹೋಗುತ್ತದೆ. ಆ ಹಲ್ಲೆ ಪಕ್ಕದ್ದಕ್ಕಿಂತ ಕೂದಲೆಳೆಯಷ್ಟು ಎತ್ತರವಿದ್ದರೂ ಬ್ರಷ್ ಅಷ್ಟೇ ಸಲ ಎಗರಬೇಕು. ಎಗರಿದಾಗಲೆಲ್ಲ ಕಿಡಿ ಹಾರುತ್ತದೆ, ಕಿಡಿ ಹಾರಿದಲ್ಲಿ ತಾಮ್ರ ಸುಟ್ಟು ಗುಳಿ ಬೀಳುತ್ತದೆ, ಗುಳಿ ಬಿದ್ದಲ್ಲಿ ಬ್ರಷ್ ಇನ್ನಷ್ಟು ಎಗರುತ್ತದೆ. ಬ್ರಷ್ ಹಾದಿಯಲ್ಲಿ ಸಮನಾದ ಕಂದು ಬಣ್ಣ ಕಂಡರೆ ಗಾಬರಿಯಾಗಬೇಕಿಲ್ಲ, ಅದು ಆರೋಗ್ಯದ ಲಕ್ಷಣ. ಹಲ್ಲೆಯ ಒಂದು ಅಂಚಿನಲ್ಲಿ ಮಾತ್ರ ಕಪ್ಪಾಗಿ ಸುಟ್ಟ ಗುರುತಿದ್ದರೆ ಅದನ್ನು ಲೇತಿಗೆ ಕೊಡಬೇಕು.

ಕಮ್ಯುಟೇಟರ್ ಉಜ್ಜುವ ಕಡ್ಡಿಯಿಂದ ಇದೇ ಕೆಲಸವಾಗದೇ ಎಂದು ಕೇಳುವವರಿದ್ದಾರೆ. ಆ ಕಡ್ಡಿ ಮಸಿಯನ್ನು ತೆಗೆಯುತ್ತದೆ, ಆದರೆ ಉಬ್ಬು ತಗ್ಗುಗಳ ಮೇಲೆ ಒಂದೇ ಸಮ ಸವರಿಕೊಂಡು ಹೋಗುವುದರಿಂದ ದುಂಡುತನವನ್ನು ಮರಳಿ ಕೊಡಲಾರದು. ತಿಂಗಳಿಗೊಮ್ಮೆ ಒಂದೇ ಮೋಟಾರು ಓಡಿಸುವವರಿಗೆ ಕಡ್ಡಿಯೇ ಸಾಕು, ಮತ್ತು ವರ್ಷಕ್ಕೆ ಒಂದೆರಡು ಸಲ ಲೇತ್ ಇರುವ ಗೆಳೆಯರಿಗೆ ಆರ್ಮೇಚರ್ ಕೊಟ್ಟು ಮಾಡಿಸಿಕೊಳ್ಳುವುದು ಜಾಣತನ. ನಾಲ್ಕೈದು ಮೋಟಾರುಗಳನ್ನು ಸರದಿಯಲ್ಲಿ ಓಡಿಸುವವರಿಗೆ ಮಾತ್ರ ಸ್ವಂತ ಲೇತಿನ ಖರ್ಚು ಸಮರ್ಥನೀಯವೆಂದು ನನ್ನ ಅಭಿಪ್ರಾಯ.

ಶಾಫ್ಟನ್ನು ಹಿಡಿಯುವ ಬಗೆ: ಆಯ್ಕೆಯ ಮುಕ್ಕಾಲು ಪಾಲು ಇಲ್ಲಿದೆ

ಜಾಹೀರಾತುಗಳಲ್ಲಿ ಬಣ್ಣ ಹಾಕಿದ ಅಲ್ಯೂಮಿನಿಯಂ ತಳಪಾಯವೂ ಗಡಿಯಾರದಂಥ ಗುಂಡಿಗಳೂ ಎದ್ದು ಕಾಣುತ್ತವೆ. ಆದರೆ ಕಮ್ಯುಟೇಟರ್ ಎಷ್ಟು ದುಂಡಾಗುತ್ತದೆ ಎಂಬುದನ್ನು ನಿರ್ಧರಿಸುವುದು ಆರ್ಮೇಚರಿನ ಶಾಫ್ಟ್ ಯಾವುದರ ಮೇಲೆ ಕುಳಿತು ತಿರುಗುತ್ತದೆ ಎಂಬ ಒಂದೇ ಸಂಗತಿ. ಇಲ್ಲಿ ಮೂರು ದಾರಿಗಳಿವೆ.

ಮೊದಲನೆಯದು ವಿ-ಬ್ಲಾಕ್. ಎರಡು ಕಂಬಗಳ ತಲೆಯಲ್ಲಿ ಇಂಗ್ಲಿಷಿನ ವಿ ಅಕ್ಷರದಂತೆ ಕೊರೆದ ಗಾಳೆಯಲ್ಲಿ (ತೋಡಿನಲ್ಲಿ) ಶಾಫ್ಟನ್ನು ಸುಮ್ಮನೆ ಇಡಲಾಗುತ್ತದೆ. ಆರ್ಮೇಚರಿನ ಮೈಮೇಲೆ ಹಾಯುವ ರಬ್ಬರ್ ಬೆಲ್ಟ್ ಅದನ್ನು ತಿರುಗಿಸುವುದರ ಜೊತೆಗೆ ಕೆಳಕ್ಕೆ ಒತ್ತಿ ಹಿಡಿಯುತ್ತದೆ. ಶಾಫ್ಟ್ ಮತ್ತು ಗಾಳೆಯ ನಡುವೆ ಸಡಿಲಕ್ಕೆ ಜಾಗವೇ ಇಲ್ಲದಿರುವುದರಿಂದ ಕಮ್ಯುಟೇಟರ್ ನೇರವಾಗಿ ಶಾಫ್ಟಿನ ಮೇಲ್ಮೈಗೆ ಹೊಂದಿಕೊಂಡು ದುಂಡಾಗುತ್ತದೆ. ಇದರ ದೌರ್ಬಲ್ಯವೂ ಅಲ್ಲೇ ಇದೆ. ಕಂಚಿನ ಬುಷ್‌ನಲ್ಲಿ ಬಹುಕಾಲ ಓಡಿದ ಸ್ಟಾಕ್ ಮೋಟಾರಿನ ಶಾಫ್ಟ್ ಬುಷ್ ಕೂರುವ ಜಾಗದಲ್ಲಿ ಸವೆದು ಗೆರೆಬಿದ್ದಿದ್ದರೆ, ಆ ಸವೆತವನ್ನೇ ವಿ-ಬ್ಲಾಕ್ ನಿಷ್ಠೆಯಿಂದ ಕಮ್ಯುಟೇಟರಿಗೆ ನಕಲು ಮಾಡುತ್ತದೆ. ಗಾಳೆಗೂ ಶಾಫ್ಟಿಗೂ ಒಂದೊಂದು ತೊಟ್ಟು ತೆಳು ಎಣ್ಣೆ ಹಾಕುವುದನ್ನು ಮರೆತರೆ ಎರಡೂ ಹಾಳಾಗುತ್ತವೆ.

ಎರಡನೆಯದು ಬಾಲ್ ಬೇರಿಂಗ್ ಆಧಾರ. ಶಾಫ್ಟ್ ಬೇರಿಂಗಿನೊಳಗೆ ಹೊಗುತ್ತದೆ, ನುಣ್ಣಗೆ ತಿರುಗುತ್ತದೆ, ಎಣ್ಣೆಯ ಚಿಂತೆ ಕಡಿಮೆ, ಶಾಫ್ಟಿನ ಮೇಲೆ ಗೀರು ಬೀಳುವ ಭಯವಿಲ್ಲ. ಆದರೆ ಬೇರಿಂಗಿನ ಗುಂಡುಗಳ ನಡುವಿನ ಸಡಿಲ ಕೆಲವು ಮೈಕ್ರಾನ್ ಇದ್ದೇ ಇರುತ್ತದೆ, ಶಾಫ್ಟ್ ಸಲೀಸಾಗಿ ಒಳಹೋಗಲು ಬಿಟ್ಟ ಸಡಿಲ ಅದಕ್ಕೆ ಸೇರುತ್ತದೆ. ಕೊನೆಯ ಹಗುರ ಕಟ್ ಹತ್ತು ಮೈಕ್ರಾನಿನ ಆಸುಪಾಸಿನಲ್ಲಿರುವಾಗ ಈ ಸಡಿಲವನ್ನು ಲೆಕ್ಕಕ್ಕಿಲ್ಲ ಎನ್ನುವಂತಿಲ್ಲ. ಬೆಲ್ಟ್ ಒಂದೇ ಕಡೆಗೆ ಎಳೆಯುವುದರಿಂದ ಸಡಿಲವೆಲ್ಲ ಒಂದು ಬದಿಗೆ ಸರಿದು ತೊಂದರೆ ತಕ್ಕಮಟ್ಟಿಗೆ ಕಡಿಮೆಯಾಗುತ್ತದೆ ಎಂಬುದೂ ನಿಜ. ಬೇರಿಂಗ್ ಹೊಸದಿದ್ದರೆ ಫಲಿತಾಂಶ ಚೆನ್ನಾಗಿಯೇ ಇರುತ್ತದೆ. ಹಳೆಯದಾಗಿ ಗರಗರ ಸದ್ದು ಮಾಡುವ ಬೇರಿಂಗಿನ ಲೇತನ್ನು ಕೊಂಡರೆ ಕೊಳ್ಳುವ ದಿನವೇ ಹೊಸ ಬೇರಿಂಗಿಗೂ ಹಣ ಎತ್ತಿಡಬೇಕು. ಎರಡೂ ಒಂದೇ ಬೆಲೆಗೆ ಸಿಕ್ಕರೆ ನಾನು ವಿ-ಬ್ಲಾಕನ್ನೇ ಆರಿಸುತ್ತೇನೆ.

ಮೂರನೆಯದು ಸಾಮಾನ್ಯ ಲೇತ್. ನಮ್ಮ ಊರುಗಳ ಆಟೋ ಎಲೆಕ್ಟ್ರಿಷಿಯನ್‌ಗಳು ಕಾರು, ಲಾರಿಗಳ ಸೆಲ್ಫ್ ಸ್ಟಾರ್ಟರ್ ಮೋಟಾರಿನ ಕಮ್ಯುಟೇಟರನ್ನು ಟರ್ನರ್‌ಗೆ ಕೊಟ್ಟು ಕಟ್ ಹಾಕಿಸುವುದುಂಟು. ಹಾಗಿರುವಾಗ ಈ ಪುಟ್ಟ ಆರ್ಮೇಚರನ್ನೂ ಅಲ್ಲಿಗೇ ಒಯ್ಯಬಾರದೇಕೆ ಎನ್ನಿಸುವುದು ಸಹಜ. ತೊಡಕು ಹಿಡಿತದ್ದು. ಲೇತಿನಲ್ಲಿ ಕೆಲಸದ ತುಂಡನ್ನು ಕಚ್ಚಿ ಹಿಡಿಯುವ ಮೂರು ದವಡೆಯ ಚಕ್ ಬಳಸಿ ಸವೆದಿದ್ದರೆ 0.05ರಿಂದ 0.1 ಮಿ.ಮೀ.ವರೆಗೂ ಓಲಾಡುವುದು ಅಪರೂಪವಲ್ಲ, ಎಂದರೆ ನಾವು ತೆಗೆಯಬೇಕಾದ ತಾಮ್ರದ ದಪ್ಪಕ್ಕಿಂತ ಓಲಾಟವೇ ಹೆಚ್ಚು. 3.17 ಮಿ.ಮೀ. ದಪ್ಪದ ಶಾಫ್ಟಿನಲ್ಲಿ ಪಿನಿಯನ್ (ಚಿಕ್ಕ ಹಲ್ಲುಗಾಲಿ) ಕೂರುವ ತುದಿಗೆ ಸ್ಕ್ರೂ ಕಚ್ಚಿದ ಗಾಯಗಳೂ ಇರುತ್ತವೆ, ಇನ್ನೊಂದು ತುದಿಯಲ್ಲಿ ತುದಿಗೆ ಆಧಾರ ಕೊಡುವ ಟೇಲ್‌ಸ್ಟಾಕಿನ ಮೊನೆ ಕೂರಲು ಕುಳಿಯೂ ಸಾಮಾನ್ಯವಾಗಿ ಇರುವುದಿಲ್ಲ. ಶಾಫ್ಟನ್ನು ಸುತ್ತಲೂ ಸಮವಾಗಿ ಹಿಡಿಯುವ ಕಾಲೆಟ್ ಇರುವ ಸಣ್ಣ ನಿಖರ ಲೇತೂ ತಾಳ್ಮೆಯ ಟರ್ನರೂ ಸಿಕ್ಕರೆ ಕೆಲಸ ಆದೀತು. ಅಷ್ಟಕ್ಕಿಂತ ಅಂಥ ಟರ್ನರ್‌ಗೆ ಒಂದು ಜೊತೆ ವಿ-ಬ್ಲಾಕ್ ಮಾಡಿಕೊಡಲು ಹೇಳುವುದು ಹೆಚ್ಚು ಪ್ರಯೋಜನಕರ.

ಒಂದಕ್ಕಿಂತ ಹೆಚ್ಚು ಗಾತ್ರದ ಮೋಟಾರುಗಳಿರುವವರು ಇನ್ನೊಂದು ಲೆಕ್ಕ ಹಾಕಬೇಕು. 540 ಮೋಟಾರಿನ ಶಾಫ್ಟ್ 3.17 ಮಿ.ಮೀ., ಸ್ಲಾಟ್ ಕಾರು ಮತ್ತು ಅತಿ ಸಣ್ಣ ಆರ್‌ಸಿ ಕಾರಿನ ಮೋಟಾರುಗಳದ್ದು ಸಾಮಾನ್ಯವಾಗಿ 2 ಮಿ.ಮೀ. ವಿ ಗಾಳೆಯಲ್ಲಿ ಎರಡೂ ಕೂರುತ್ತವೆ, ಹೌದು. ಆದರೆ 90 ಡಿಗ್ರಿಯ ಗಾಳೆಯಲ್ಲಿ ಸಣ್ಣ ಶಾಫ್ಟಿನ ಕೇಂದ್ರ ದೊಡ್ಡದರ ಕೇಂದ್ರಕ್ಕಿಂತ ಸುಮಾರು 0.83 ಮಿ.ಮೀ. ಕೆಳಗೆ ಇಳಿಯುತ್ತದೆ. ಟೂಲಿನ ಮೊನೆ ಕೇಂದ್ರದ ಮಟ್ಟದಲ್ಲಿಯೇ ಇರಬೇಕಾದ ಕೆಲಸದಲ್ಲಿ ಇದು ದೊಡ್ಡ ಅಂತರ. ಆದ್ದರಿಂದ ಟೂಲಿನ ಎತ್ತರವನ್ನು ಹೊಂದಿಸಲು ಅವಕಾಶವಿದೆಯೇ, ಅಥವಾ ಆ ಗಾತ್ರಕ್ಕೆಂದೇ ಬೇರೆ ಆಧಾರಗಳು ಸಿಗುತ್ತವೆಯೇ ಎಂದು ವಿಚಾರಿಸದೆ ‘ಎಲ್ಲ ಮೋಟಾರಿಗೂ ಆಗುತ್ತದೆ’ ಎಂಬ ಮಾತನ್ನು ನಂಬಬಾರದು.

ಕಾರ್ಬೈಡೋ ವಜ್ರವೋ

ಕತ್ತರಿಸುವ ಬಿಟ್ ವಿಷಯದಲ್ಲಿ ಹಳೆಯ ರೇಸಿಗರು ಎರಡು ಪಕ್ಷವಾಗಿದ್ದರು, ಮತ್ತು ಎರಡು ಪಕ್ಷಕ್ಕೂ ಕಾರಣಗಳಿದ್ದವು. ವಜ್ರದ ಮೊನೆ ತಾಮ್ರವನ್ನು ಕನ್ನಡಿಯಂತೆ ಹೊಳೆಯಿಸುತ್ತದೆ, ಸರಿಯಾಗಿ ಬಳಸಿದರೆ ವರ್ಷಗಟ್ಟಲೆ ಹರಿತ ಕಳೆದುಕೊಳ್ಳುವುದಿಲ್ಲ. ಆದರೆ ವಜ್ರಕ್ಕೆ ಗಡಸುತನವಿದೆಯೇ ಹೊರತು ಪೆಟ್ಟು ತಾಳುವ ಗುಣವಿಲ್ಲ. ಹಲ್ಲೆಗಳ ನಡುವಿನ ಸೀಳು ಪ್ರತಿ ಸುತ್ತಿಗೂ ಮೂರು ಸಲ ಮೊನೆಯನ್ನು ತಟ್ಟುತ್ತಲೇ ಇರುತ್ತದೆ; ಅದರ ಜೊತೆಗೆ ಕಟ್ ಆಳವಾಗಿ ಕೊಟ್ಟರೆ, ಮೊನೆ ತಾಗಿಕೊಂಡಿರುವಾಗಲೇ ಆರ್ಮೇಚರನ್ನು ನಿಲ್ಲಿಸಿದರೆ, ಹಿಮ್ಮುಖವಾಗಿ ತಿರುಗಿಸಿದರೆ, ಅಥವಾ ಸುರುಳಿಯ ತಂತಿ ಬಂದು ಸೇರುವ ಕೊಕ್ಕೆಗಳಿಗೆ ಮೊನೆಯನ್ನು ತಾಗಿಸಿದರೆ ಅದು ಚಿಟ್ಟೆಂದು ಹಾರಿಹೋಗುತ್ತದೆ. ಆಗ ಹೋಗುವ ಹಣ ಕೆಲವೊಮ್ಮೆ ಹಳೆಯ ಲೇತಿನ ಬೆಲೆಯ ದೊಡ್ಡ ಪಾಲಿನಷ್ಟಿರುತ್ತದೆ.

ಕಾರ್ಬೈಡ್ ಬಿಟ್ ಅಗ್ಗ, ಒರಟು ಕೈಯನ್ನು ತಕ್ಕಮಟ್ಟಿಗೆ ಸಹಿಸುತ್ತದೆ, ಮೊಂಡಾದರೆ ವಜ್ರದ ಪುಡಿಯ ಸಾಣೆಯಲ್ಲಿ ಮತ್ತೆ ಹರಿತ ಮಾಡಬಹುದು. ಅದು ಬಿಡುವ ಮೇಲ್ಮೈಯಲ್ಲಿ ಸೂಕ್ಷ್ಮವಾದ ಸುತ್ತುಗೆರೆಗಳಿರುತ್ತವೆ. ಆ ಗೆರೆಗಳೇ ಹೊಸ ಬ್ರಷ್ ಬೇಗ ತೇಯ್ದು ಕಮ್ಯುಟೇಟರಿನ ದುಂಡಿಗೆ ಹೊಂದಿಕೊಳ್ಳಲು ನೆರವಾಗುತ್ತವೆ ಎಂದು ವಾದಿಸಿದ ರೇಸಿಗರು ಕಡಿಮೆಯೇನಿಲ್ಲ. ನನಗಂತೂ ಹೊಳಪು ಕಣ್ಣಿಗೆ ಹಬ್ಬ, ದುಂಡುತನ ಮೋಟಾರಿಗೆ ಹಬ್ಬ. ಎರಡನ್ನೂ ಒಂದೇ ಎಂದು ತಿಳಿಯಬಾರದು. ಕಲಿಯುವವರು ಕಾರ್ಬೈಡಿನಲ್ಲಿ ಹತ್ತಿಪ್ಪತ್ತು ಆರ್ಮೇಚರ್ ಮಾಡಿ ಕೈ ಪಳಗಿದ ಮೇಲೆ ವಜ್ರಕ್ಕೆ ಹೋಗುವುದು ಕ್ಷೇಮ. ಕೈ ಪಳಗಿದವರು ಸುಟ್ಟ ಪದರವನ್ನು ಕಾರ್ಬೈಡಿನಿಂದ ತೆಗೆದು ಕೊನೆಯ ಒಂದು ಕಟ್ಟನ್ನು ಮಾತ್ರ ವಜ್ರದಿಂದ ಕೊಡುವುದು ಒಳ್ಳೆಯ ರೂಢಿ. ಅದಕ್ಕಾಗಿ ಬಿಟ್ ಬದಲಾಯಿಸುವುದು ಸುಲಭವಿರುವ ಟೂಲ್ ಹೋಲ್ಡರ್ ಇರುವ ಲೇತನ್ನು ಆರಿಸಿಕೊಳ್ಳಬೇಕು.

ಸ್ಲೈಡ್, ಅಳತೆಯ ಗುಂಡಿ, ಚಾಲನೆ

ಬಿಟ್ಟನ್ನು ಕಮ್ಯುಟೇಟರಿನತ್ತ ಸರಿಸುವ ಕ್ರಾಸ್ ಸ್ಲೈಡಿನ ಗುಂಡಿಯ ಮೇಲೆ ಇಂಚಿನ ಸಾವಿರದ ಒಂದು ಭಾಗದ ಗೆರೆಗಳಿರಬಹುದು ಅಥವಾ ಮಿ.ಮೀ.ನ ನೂರನೇ ಒಂದು ಭಾಗದವಿರಬಹುದು. ಮೊದಲನೆಯದರಲ್ಲಿ ಒಂದು ಗೆರೆ ಎಂದರೆ 0.025 ಮಿ.ಮೀ., ಅದು ವ್ಯಾಸದಲ್ಲಿ 0.05 ಮಿ.ಮೀ. ಕಡಿಮೆ ಮಾಡುತ್ತದೆ, ಕೊನೆಯ ಕಟ್ಟಿಗೆ ಅದರ ಅರ್ಧದಷ್ಟನ್ನು ಕೊಡಬೇಕಾದಾಗ ಎರಡು ಗೆರೆಗಳ ನಡುವೆ ಅಂದಾಜು ಮಾಡಬೇಕಾಗುತ್ತದೆ. ಎರಡನೆಯದರಲ್ಲಿ ಈ ಅಂದಾಜಿನ ಕಷ್ಟವಿಲ್ಲ. ತಾಮ್ರದ ವಿಷಯದಲ್ಲಿ ಈ ಜಿಪುಣತನಕ್ಕೆ ಕಾರಣವಿದೆ. ವ್ಯಾಸ 7.5ರಿಂದ 7 ಮಿ.ಮೀ.ಗೆ ಇಳಿಯುವವರೆಗೆ ವ್ಯಾಸದಲ್ಲಿ 0.05 ಮಿ.ಮೀ. ತೆಗೆಯುವ ಕಟ್ಟುಗಳು ಒಟ್ಟು ಇರುವುದು ಹತ್ತು. ಅಷ್ಟೇ ಅಲ್ಲ, ಕಮ್ಯುಟೇಟರ್ ಸಣ್ಣದಾದಂತೆ ಅದೇ ಬ್ರಷ್ ಅದರ ಸುತ್ತಿನ ಹೆಚ್ಚು ಭಾಗವನ್ನು ತಬ್ಬುತ್ತದೆ: 4 ಮಿ.ಮೀ. ಅಗಲದ ಬ್ರಷ್ 7.5 ಮಿ.ಮೀ. ವ್ಯಾಸದ ಮೇಲೆ ಸುಮಾರು 64 ಡಿಗ್ರಿ ಆವರಿಸಿದರೆ 7 ಮಿ.ಮೀ. ವ್ಯಾಸದ ಮೇಲೆ ಸುಮಾರು 70 ಡಿಗ್ರಿ ಆವರಿಸುತ್ತದೆ. ಒಂದೇ ಮೋಟಾರು ಹೊಸದಿದ್ದಾಗ ಒಂದು ಸ್ವಭಾವ, ಹಲವು ಸಲ ಲೇತಿಗೆ ಹೋಗಿಬಂದ ಮೇಲೆ ಇನ್ನೊಂದು ಸ್ವಭಾವ ತೋರುವುದಕ್ಕೆ ಇದೂ ಒಂದು ಕಾರಣ.

ಉದ್ದಕ್ಕೆ ಸಾಗುವ ಸ್ಲೈಡನ್ನು ಹೆಚ್ಚಿನ ಲೇತುಗಳಲ್ಲಿ ಕೈಯಿಂದಲೇ ತಿರುಗಿಸಬೇಕು. ಕಮ್ಯುಟೇಟರಿನ ಉದ್ದವನ್ನು ದಾಟಲು ಅರ್ಧದಿಂದ ಒಂದು ನಿಮಿಷ ತೆಗೆದುಕೊಂಡು ಒಂದೇ ವೇಗದಲ್ಲಿ ಸಾಗುವುದು ಕೈಗೆ ಬೇಗ ಒಲಿಯುತ್ತದೆ. ತಾನಾಗಿ ಸಾಗುವ ಏರ್ಪಾಟಿಗೆ ಹೆಚ್ಚು ಹಣ ಕೊಡುವುದು ದಿನಕ್ಕೆ ಹತ್ತಾರು ಮೋಟಾರು ಮಾಡುವ ಅಂಗಡಿಯವರಿಗೆ ಮಾತ್ರ ಲಾಭ. ಅದಕ್ಕಿಂತ ಬೆಲೆಬಾಳುವುದು ಕೊಕ್ಕೆಗಳಿಗೆ ಮುಂಚೆಯೇ ಸ್ಲೈಡನ್ನು ತಡೆಯುವ ಸ್ಟಾಪ್ ಸ್ಕ್ರೂ. ಶಾಫ್ಟ್ ಅಕ್ಕಪಕ್ಕ ಸರಿಯದಂತೆ ತುದಿಯಲ್ಲಿ ತಡೆಯಿರುವುದೂ ಅಷ್ಟೇ ಮುಖ್ಯ.

ಚಾಲನೆಗೆ ಒಂದು ಸಾಮಾನ್ಯ ಆರ್‌ಸಿ ಮೋಟಾರು ಸಾಕಾಗುತ್ತದೆ, ಕಾರಿನ 7.2 ವೋಲ್ಟ್ ಬ್ಯಾಟರಿಯಿಂದಲೋ ಹೊಂದಿಸಬಹುದಾದ ಡಿಸಿ ಪವರ್ ಸಪ್ಲೈಯಿಂದಲೋ ಅದು ಓಡುತ್ತದೆ. ವಿದೇಶದಿಂದ ತರಿಸುವವರಿಗೆ ಇದರಿಂದ ಒಂದು ಅನುಕೂಲ: 110 ವೋಲ್ಟೋ 230 ವೋಲ್ಟೋ ಎಂಬ ಪ್ರಶ್ನೆ ಲೇತಿಗೆ ಬರುವುದೇ ಇಲ್ಲ. ಬ್ಯಾಟರಿ ಇಳಿಯುತ್ತಾ ಹೋದಂತೆ ವೇಗ ಬದಲಾಗುವುದರಿಂದ ಪವರ್ ಸಪ್ಲೈ ಮೇಲು. ವೇಗ ವಿಪರೀತವಾದರೆ ಶಾಫ್ಟ್ ಗಾಳೆಯಲ್ಲಿ ಕುಣಿಯತೊಡಗುತ್ತದೆ, ಮತ್ತು ಆ ಕುಣಿತ ತಾಮ್ರದ ಮೇಲೆ ಅಲೆಗಳಾಗಿ ಮೂಡುತ್ತದೆ.

ಹೆಸರುಗಳು ಮತ್ತು ಹಳೆಯ ಲೇತಿನ ಪರೀಕ್ಷೆ

ಹುಡುಕುವಾಗ ಹೆಚ್ಚಾಗಿ ಎದುರಾಗುವ ಹೆಸರುಗಳು ಹುಡಿ, ಕೋಬ್ರಾ, ಟ್ವಿಸ್ಟರ್ ಮತ್ತು ಇಂಟೆಜಿ. ಹುಡಿ ಸ್ಲೊವಾಕಿಯಾದ ಸಂಸ್ಥೆ, ಎಕ್ಸ್‌ರೇ ಕಾರುಗಳನ್ನು ಮಾಡುವ ಕುಟುಂಬದ್ದೇ. ಆರ್‌ಸಿ ಮೋಟಾರಿಗಷ್ಟೇ ಅಲ್ಲದೆ ಸ್ಲಾಟ್ ಕಾರಿನ ಮೋಟಾರಿಗೂ ಲೇತ್ ಮಾಡಿದೆ, ಆದ್ದರಿಂದ ಎರಡು ಹವ್ಯಾಸವೂ ಇರುವವರು ಅಲ್ಲಿಂದ ಹುಡುಕಾಟ ಆರಂಭಿಸಬಹುದು. ಉಳಿದವು ಅಮೆರಿಕದ ಟ್ರ್ಯಾಕುಗಳಲ್ಲಿ ಹೆಚ್ಚು ಕಾಣಿಸುತ್ತಿದ್ದ ಹೆಸರುಗಳು. ಒಂದೇ ಹೆಸರಿನಲ್ಲಿ ಕಾಲಕಾಲಕ್ಕೆ ಬೇರೆಬೇರೆ ಆಧಾರ, ಬೇರೆಬೇರೆ ಸ್ಲೈಡ್ ಇರುವ ಲೇತುಗಳು ಬಂದಿರುವುದರಿಂದ ಹೆಸರಿನ ಮೇಲೆ ತೀರ್ಪು ಕೊಡಲು ನಾನು ಹಿಂಜರಿಯುತ್ತೇನೆ. ಚೆನ್ನಾಗಿ ಇಟ್ಟುಕೊಂಡ ಅಗ್ಗದ ಲೇತ್, ಡಬ್ಬದಲ್ಲಿ ಬಿಸಾಡಿದ್ದ ದುಬಾರಿ ಲೇತಿಗಿಂತ ಒಳ್ಳೆಯ ಕೆಲಸ ಮಾಡುತ್ತದೆ.

ಹಳೆಯ ಲೇತನ್ನು ನೋಡಲು ಹೋಗುವಾಗ ಬರಿಗೈಯಲ್ಲಿ ಹೋಗದೆ ಒಂದು ಗುಜರಿ ಆರ್ಮೇಚರ್, ಒಂದು ಕಪ್ಪು ಮಾರ್ಕರ್ ಪೆನ್ನು, ಒಂದು ಭೂತಗನ್ನಡಿ ಮತ್ತು ಸಾಧ್ಯವಾದರೆ ಮೈಕ್ರೋಮೀಟರ್ ಒಯ್ಯಿರಿ. ಭೂತಗನ್ನಡಿಯಲ್ಲಿ ವಿ ಗಾಳೆಯ ಎರಡೂ ಇಳಿಜಾರುಗಳನ್ನು ನೋಡಿ. ಶಾಫ್ಟ್ ಕೂತ ಜಾಗದಲ್ಲಿ ಹೊಂಡ ಕಂಡರೆ ಬದಲಿ ಭಾಗ ಸಿಗುವ ಖಾತ್ರಿ ಇಲ್ಲದೆ ಕೊಳ್ಳಬೇಡಿ. ಬಿಟ್‌ನ ಮೊನೆಯ ಮೂಲೆ ಚೂಪಾಗಿದೆಯೇ ಮುರಿದಿದೆಯೇ ಎಂಬುದೂ ಭೂತಗನ್ನಡಿಯಲ್ಲೇ ತಿಳಿಯುತ್ತದೆ. ಟೂಲ್ ಹೋಲ್ಡರನ್ನು ಬೆರಳಿನಿಂದ ಹಿಡಿದು ಹಿಂದಕ್ಕೂ ಮುಂದಕ್ಕೂ ಮೆಲ್ಲಗೆ ಅಲುಗಿಸಿದಾಗ ಸಡಿಲ ಸಿಕ್ಕರೆ ಸ್ಲೈಡಿನ ಪಕ್ಕದ ಬಿಗಿ ಮಾಡುವ ಸ್ಕ್ರೂಗಳಿಂದ ಅದು ಹೋಗುತ್ತದೆಯೇ ಎಂದು ಅಲ್ಲೇ ಪರೀಕ್ಷಿಸಿ. ರಬ್ಬರ್ ಬೆಲ್ಟ್ ಬಿರುಕು ಬಿಟ್ಟಿದ್ದರೆ ಚಿಂತೆಯಿಲ್ಲ, ಆ ಗಾತ್ರದ ಓ-ರಿಂಗ್ ಯಾವ ಊರಿನ ಹೈಡ್ರಾಲಿಕ್ ಅಂಗಡಿಯಲ್ಲೂ ಸಿಕ್ಕೀತು.

ಮೈಕ್ರೋಮೀಟರಿನ ವಿಷಯದಲ್ಲಿ ಒಂದು ಎಚ್ಚರಿಕೆ ಅಗತ್ಯ. ಮೂರು ಹಲ್ಲೆಯ ಕಮ್ಯುಟೇಟರ್ ಮೂರು ಮೂಲೆಯಾಗಿ ಸವೆದಿದ್ದರೆ, ಎದುರುಬದುರು ಎರಡು ಬಿಂದುಗಳಲ್ಲಿ ಹಿಡಿಯುವ ಮೈಕ್ರೋಮೀಟರ್ ಎಲ್ಲ ಕಡೆಯೂ ಒಂದೇ ಅಳತೆ ತೋರಿಸಬಲ್ಲದು, ಏಕೆಂದರೆ ಒಂದು ಕಡೆಯ ಉಬ್ಬಿಗೆ ಎದುರಾಗಿ ಇನ್ನೊಂದು ಕಡೆಯ ತಗ್ಗು ಬರುತ್ತದೆ. ಆದ್ದರಿಂದ ಮೈಕ್ರೋಮೀಟರನ್ನು ಕಮ್ಯುಟೇಟರಿನ ಎರಡು ತುದಿಗಳಲ್ಲಿ ಇಟ್ಟು, ಉದ್ದಕ್ಕೂ ವ್ಯಾಸ ಒಂದೇ ಇದೆಯೇ ಎಂದು ನೋಡಲು ಮಾತ್ರ ನಂಬಿ. ವ್ಯತ್ಯಾಸವಿದ್ದರೆ ಸ್ಲೈಡ್ ಶಾಫ್ಟಿಗೆ ಸಮಾನಾಂತರವಾಗಿ ಓಡುತ್ತಿಲ್ಲ ಎಂದರ್ಥ. ದುಂಡುತನಕ್ಕೆ ಮಾರ್ಕರ್ ಪೆನ್ನೇ ಒಳ್ಳೆಯ ಸಾಕ್ಷಿ. ಗುಜರಿ ಆರ್ಮೇಚರಿಗೆ ಒಂದೆರಡು ಕಟ್ ಕೊಟ್ಟು, ತಾಮ್ರದ ಮೇಲೆಲ್ಲ ಮಸಿ ಬಳಿದು, ಅದನ್ನು ಗಾಳೆಯಿಂದ ಎತ್ತಿ ತುದಿ ಬದಲಿಸದೆ ಮತ್ತೆ ಕೂರಿಸಿ, ಗುಂಡಿಯನ್ನು ಅರ್ಧ ಗೆರೆಯಷ್ಟು ಮಾತ್ರ ಮುಂದೆ ಸರಿಸಿ ಒಮ್ಮೆ ಸಾಗಿಸಿ. ಮೂರು ಹಲ್ಲೆಗಳ ಮಸಿಯೂ ಉದ್ದಕ್ಕೂ ಒಂದೇ ಸಮ ಹೋದರೆ ಆ ಲೇತ್ ಹೇಳಿದ್ದನ್ನು ಮಾಡುತ್ತದೆ. ಒಂದು ಹಲ್ಲೆಯ ಮೇಲೆ ಮಸಿ ಉಳಿದರೆ ಶಾಫ್ಟ್ ಪ್ರತಿ ಸಲವೂ ಬೇರೆ ಜಾಗದಲ್ಲಿ ಕೂರುತ್ತಿದೆ. ಗಾಳೆ ಒರೆಸಿ, ಎಣ್ಣೆ ಹಾಕಿ, ಬೆಲ್ಟಿನ ಬಿಗಿ ಸರಿಮಾಡಿ ಇನ್ನೊಮ್ಮೆ ನೋಡಿದಾಗಲೂ ಹಾಗೆಯೇ ಉಳಿದರೆ ಬೆಲೆ ಎಷ್ಟೇ ಇಳಿಸಿದರೂ ಅದನ್ನು ಬಿಟ್ಟು ಬನ್ನಿ.

ಮನೆಗೆ ತಂದ ಮೇಲೆ ಮೊದಲ ಆರ್ಮೇಚರ್ ಮಾಡುವಾಗ ಕಣ್ಣಿಗೆ ಕನ್ನಡಕವಿರಲಿ, ತೋಳು ಮಡಿಚಿರಲಿ. ಕಟ್ ಮುಗಿದೊಡನೆ ಹಲ್ಲೆಗಳ ನಡುವಿನ ಸೀಳಿನಲ್ಲಿ ಸಿಕ್ಕಿಕೊಂಡ ತಾಮ್ರದ ತುರಿಯನ್ನು ತೆಳುವಾದ ಬ್ಲೇಡಿನ ಮೊನೆಯಿಂದ ಒಂದೊಂದಾಗಿ ಬಿಡಿಸಿ, ಅಂಚಿನಲ್ಲಿ ಎದ್ದ ಚಿಗುರನ್ನು ಸವರಿ, ಮೋಟಾರ್ ತೊಳೆಯುವ ಸ್ಪ್ರೇಯಿಂದ ತೊಳೆದು ಒಣಗಿಸಿದ ನಂತರವೇ ಡಬ್ಬಿಗೆ ಹಾಕಬೇಕು. ಎರಡು ಹಲ್ಲೆಗಳನ್ನು ಸೇರಿಸುವ ಒಂದು ಎಳೆ ತುರಿ ಉಳಿದರೂ ಅಲ್ಲಿ ಶಾರ್ಟ್ ಆಗಿ ಅಷ್ಟು ಜೋಪಾನದ ಕೆಲಸ ಮೊದಲ ಸುತ್ತಿನಲ್ಲೇ ಹೊಗೆಯಾಗುತ್ತದೆ.